ಬೋಳು ಬದುವಿನ ಹೆಮ್ಮೆ

ಮೈಸೂರಿನ ಬಳಿಯ ಇಲವಾಲದ ಕಡೆ ಒಬ್ಬ ರೈತನನ್ನು ಹೊಗಳುವ ಮುನ್ನ ಜನ ನೋಡುವುದು ಅವನ ಬದುವನ್ನು. ಬದುವಿನ ಮೇಲೆ ಒಂದು ಎಳೆ ಹುಲ್ಲಿಲ್ಲದೆ, ಸಾಲುಗಳ ನಡುವೆ ಕೆಮ್ಮಣ್ಣು ಬೋಳಾಗಿ ಕಾಣುತ್ತಿದ್ದರೆ ಸಾಕು, "ಎಷ್ಟು ಚೊಕ್ಕಾಗಿ ಮಡಗವ್ನೆ ನೋಡಿ ಹೊಲಾನ" ಎಂಬ ಮಾತು ಬರುತ್ತದೆ. ಹುಲ್ಲು ಬೆಳೆದ ಬದುವಿನವನು ಸೋಮಾರಿ. ಅವನ ಹೊಲದಿಂದ ಅಕ್ಕಪಕ್ಕದವರಿಗೆಲ್ಲ ಹುಳ ಹರಡುತ್ತದೆ ಎಂದು ದೂರು. ಹೀಗಾಗಿ ಸುಗ್ಗಿ ಮುಗಿದ ಮೇಲೆ ಬದುವಿಗೆ ಬೆಂಕಿ ಬೀಳುತ್ತದೆ. ಮುಂಗಾರಿನಲ್ಲಿ ಹಸಿರು ತಲೆ ಎತ್ತುತ್ತಲೇ ಕಳೆನಾಶಕ ಬೀಳುತ್ತದೆ. ಬಿತ್ತನೆಯ ಹೊತ್ತಿಗೆ ಗೊಬ್ಬರದ ಜೊತೆ ಬೆರೆಸಿ ಎರಚಲು ಹರಳು ಔಷಧಿ ಬರುತ್ತದೆ. ಗೊಬ್ಬರದ ಅಂಗಡಿಯಲ್ಲಿ ನಿಂತರೆ ಕೇಳಿಸುವ ಸಲಹೆಯೂ ಇದೇ: "ಎಕರೆಗೆ ಇಷ್ಟು ಹರಳು ಆಕ್ಬುಡಿ ಅಣ್ಣ, ನೆಲದಾಗೆ ಒಂದು ಹುಳಾನೂ ಇರಾಕಿಲ್ಲ."

ನೆಲದಲ್ಲಿ ಒಂದು ಹುಳುವೂ ಇರಬಾರದು ಎನ್ನುವುದನ್ನು ನಾವು ಬೇಸಾಯದ ಗುರಿ ಮಾಡಿಕೊಂಡಿದ್ದೇವೆ. ಈ ಗುರಿ ತಪ್ಪು ಎಂದು ನಾನು ಹೇಳುತ್ತೇನೆ. ಇದು ಮಣ್ಣಿಗೆ ಕೆಟ್ಟದ್ದು ಎನ್ನುವುದು ಆಮೇಲಿನ ಮಾತು. ಮೊದಲಿಗೆ ಇದು ರೈತನ ಲೆಕ್ಕಕ್ಕೇ ಕೆಟ್ಟದ್ದು. ಹುಳುವನ್ನು ತಿನ್ನುವ ಹುಳು ನೆಲದಲ್ಲೇ ಇದೆ. ಅದು ಕೂಲಿ ಕೇಳುವುದಿಲ್ಲ, ರಾತ್ರಿಯಿಡೀ ದುಡಿಯುತ್ತದೆ, ಅದರ ಮನೆ ನಾವು ಸುಡುವ ಆ ಬದು. ಅದನ್ನು ಕೊಂದು, ಅದು ಮಾಡುತ್ತಿದ್ದ ಕೆಲಸಕ್ಕೆ ಅಂಗಡಿಯಲ್ಲಿ ದುಡ್ಡು ಕೊಟ್ಟು ವಿಷ ತರುತ್ತಿದ್ದೇವೆ.

ನಾನು ಹೇಳುತ್ತಿರುವುದು ನೆಲಜೀರುಂಡೆಗಳ ವಿಷಯ. ಕ್ಯಾರಬಿಡೆ ಎಂದು ವಿಜ್ಞಾನಿಗಳು ಕರೆಯುವ ಈ ಕುಟುಂಬದಲ್ಲಿ ಜಗತ್ತಿನಾದ್ಯಂತ ಸುಮಾರು 40,000 ಜಾತಿಗಳಿವೆ. ಹೆಚ್ಚಿನವು ಕಪ್ಪು ಅಥವಾ ಕಂದು, ಉದ್ದ ಕಾಲಿನವು, ಹಾರುವುದಕ್ಕಿಂತ ಓಡುವುದರಲ್ಲಿ ಚುರುಕು. ಹಗಲು ಕಲ್ಲಿನಡಿ, ಹುಲ್ಲಿನ ಬುಡದಲ್ಲಿ, ಒಣಗಿದ ಎಲೆಯ ಕೆಳಗೆ ಇರುತ್ತವೆ. ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತವೆ. ಮರಿಹುಳು, ಕೋಶ, ಮೊಟ್ಟೆ, ಗೆದ್ದಲು, ಬಸವನಹುಳುವಿನ ಮರಿ, ಸಿಕ್ಕಿದ್ದನ್ನು ತಿನ್ನುತ್ತವೆ. ಕೆಲವು ಜಾತಿಗಳು ಕಳೆಯ ಬೀಜವನ್ನೂ ತಿನ್ನುತ್ತವೆ. ಮರಿಯೂ ಬೇಟೆಗಾರನೇ: ಮಣ್ಣಿನೊಳಗೆ ಆರು ಕಾಲಿನ ಮೇಲೆ ಓಡಾಡುತ್ತ, ಮುಂದಕ್ಕೆ ಚಾಚಿದ ದವಡೆಯಿಂದ ಹಿಡಿಯುತ್ತದೆ.

ನಮ್ಮ ಸೀಮೆಯ ಕುರುಚಲು ನೆಲದಲ್ಲಿ ಇವುಗಳ ಪೈಕಿ ಕಣ್ಣಿಗೆ ಹೊಡೆದು ಕಾಣುವುದು ಆರು ಚುಕ್ಕೆಯ ನೆಲಜೀರುಂಡೆ, ಆಂಥಿಯ ಸೆಕ್ಸ್‌ಗುಟಾಟ. ನಾಲ್ಕು ಸೆಂಟಿಮೀಟರಿನಷ್ಟು ಉದ್ದ, ಗಟ್ಟಿ ಕಪ್ಪು ಮೈ; ಎದೆಯ ಮೇಲೆ ಎರಡು, ಬೆನ್ನಿನ ಮೇಲೆ ನಾಲ್ಕು ಬಿಳಿ ಚುಕ್ಕೆ. ಬೆನ್ನಿನ ಚಿಪ್ಪು ಕೂಡಿಕೊಂಡಿರುವುದರಿಂದ ಇದಕ್ಕೆ ಹಾರಲು ಬರುವುದಿಲ್ಲ. ಮುಂಗಾರು ಹದವಾಗಿ ಬಿದ್ದ ಮೇಲೆ, ಹೊತ್ತು ಮುಳುಗುವ ಸಮಯದಲ್ಲಿ ಇದು ಬದುವಿನ ಮೇಲೆ ಓಡಾಡುವುದನ್ನು ಕೂತು ನೋಡಬೇಕು. ತುಸು ದೂರ ಓಡಿ ನಿಲ್ಲುತ್ತದೆ, ಮೀಸೆಯನ್ನು ನೆಲಕ್ಕೆ ತಟ್ಟುತ್ತದೆ, ದಿಕ್ಕು ಬದಲಿಸಿ ಮತ್ತೆ ಓಡುತ್ತದೆ. ಅವರೆ ಬಳ್ಳಿಯ ಬುಡದಲ್ಲಿ ಒಂದು ದಪ್ಪ ಮರಿಹುಳು ಇದರ ದಾರಿಗೆ ಸಿಕ್ಕಿದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಹಿಡಿದದ್ದು ತಲೆಯ ಹಿಂದೆಯೇ. ಮರಿಹುಳು ಸುರುಳಿ ಸುತ್ತಿ ಮೈ ಕೊಡವಿತು. ಜೀರುಂಡೆ ಕಾಲುಗಳನ್ನು ಅಗಲಿಸಿ ಮಣ್ಣಿಗೆ ಊರಿ, ಅದು ಸುಸ್ತಾಗುವವರೆಗೂ ದವಡೆ ಸಡಿಲಿಸದೆ ನಿಂತಿತು. ಆಮೇಲೆ ಹಿಂದಕ್ಕೆ ನಡೆಯುತ್ತ ಅದನ್ನು ಗರಿಕೆಯ ಬುಡಕ್ಕೆ ಎಳೆದುಕೊಂಡು ಹೋಗಿ ತಿಂದಿತು. ಉಳಿದದ್ದು ಸುಕ್ಕಿದ ತೊಗಲು. ಆ ಗರಿಕೆ ಇಲ್ಲದಿದ್ದರೆ ಆ ಜೀರುಂಡೆಗೆ ಹಗಲು ಕಳೆಯಲು ಅಲ್ಲಿ ಜಾಗವೇ ಇರುತ್ತಿರಲಿಲ್ಲ.

ಕೈಯಲ್ಲಿ ಹಿಡಿಯಲು ಹೋಗಬೇಡಿ. ಇರುವೆಯಲ್ಲಿರುವ ಫಾರ್ಮಿಕ್ ಆಮ್ಲವನ್ನೇ ಇದು ಹಿಂಬದಿಯಿಂದ ಚಿಮ್ಮಿಸುತ್ತದೆ. ಕಣ್ಣಿಗೆ ಬಿದ್ದರೆ ಚೆನ್ನಾಗಿ ಉರಿಯುತ್ತದೆ. ಇದರ ಭಯ ಇತರ ಪ್ರಾಣಿಗಳಿಗೆ ಎಷ್ಟಿದೆಯೆಂದರೆ, ಇದೇ ಕುರುಚಲಿನಲ್ಲಿ ಬದುಕುವ, ಕಪ್ಪು ಮೈ ಮೇಲೆ ಬಿಳಿ ಚುಕ್ಕೆ ಹೊತ್ತ ಒಂದು ನಿರುಪದ್ರವಿ ಕಾಡುಜಿರಲೆ ಈ ಜೀರುಂಡೆಯ ವೇಷ ಧರಿಸಿಯೇ ಜೀವ ಉಳಿಸಿಕೊಳ್ಳುತ್ತದೆ ಎಂಬುದು ಕೀಟತಜ್ಞರ ಅಭಿಪ್ರಾಯ. ಇಷ್ಟು ಪರಿಚಯವಿರುವ, ಇಷ್ಟು ಸುಲಭವಾಗಿ ಗುರುತು ಸಿಗುವ ಜೀವವನ್ನೂ ನಮ್ಮವರು ಕಂಡೊಡನೆ ಎಕ್ಕಡದಲ್ಲಿ ಹೊಸಕುತ್ತಾರೆ. "ವಿಷದ ಹುಳ" ಎನ್ನುವುದು ಕಾರಣ.

ಹರಳು ಔಷಧಿಯ ಪರ ವಾದಿಸುವವರ ಬಳಿ ಒಂದು ಗಟ್ಟಿ ಉದಾಹರಣೆ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಅದು ಗೊಣ್ಣೆಹುಳು. ಕಬ್ಬು, ರಾಗಿ, ಶೇಂಗಾ, ಆಲೂಗೆಡ್ಡೆಯ ಬೇರು ತಿಂದು ಗಿಡವನ್ನು ಬುಡದಿಂದಲೇ ಕೊಲ್ಲುವ ನಿಜವಾದ ಶತ್ರು. ಅದರ ತಾಯಿಯೂ ಜೀರುಂಡೆಯೇ. ಮುಂಗಾರು ಪೂರ್ವದ ಮೊದಲ ಮಳೆಗೆ ಮಣ್ಣಿನಿಂದೆದ್ದು, ಸಂಜೆ ಬೇವಿನ ಮರಕ್ಕೂ ಜಾಲಿ ಮರಕ್ಕೂ ಮುತ್ತಿ ಎಲೆ ಮೇಯುವ ಕಂದು ಜೀರುಂಡೆ. ಆದರೆ ಗೊಣ್ಣೆಹುಳುವಿನ ಹೆಸರಿನಲ್ಲಿ ನೆಲದಲ್ಲಿರುವುದನ್ನೆಲ್ಲ ಕೊಲ್ಲುವುದಕ್ಕೆ ಅದು ಸಮರ್ಥನೆಯಾಗುವುದಿಲ್ಲ. ಎರಡನ್ನೂ ಬೇರೆ ಮಾಡುವುದು ಓದು ಬಾರದವರಿಗೂ ಸಾಧ್ಯ. ಗೊಣ್ಣೆಹುಳು ಹಾಲಿನ ಬಣ್ಣದ್ದು, ದಪ್ಪ, ಅರ್ಧಚಂದ್ರದ ಹಾಗೆ ಬಾಗಿ ಬಿದ್ದಿರುತ್ತದೆ. ಅಂಗೈ ಮೇಲಿಟ್ಟರೆ ಸರಿಯಾಗಿ ನಡೆಯಲೂ ಬಾರದು. ನೆಲಜೀರುಂಡೆಯ ಮರಿ ತೆಳ್ಳಗೆ, ಚಪ್ಪಟೆ, ನೇರ ಮೈಯದು. ಮಣ್ಣು ಕೆದರಿದ ಕೂಡಲೇ ಓಡಿ ತಪ್ಪಿಸಿಕೊಳ್ಳುತ್ತದೆ. ಓಡುವುದು ಬೇಟೆಗಾರ, ಬಿದ್ದುಕೊಂಡಿರುವುದು ಬೇರು ತಿನ್ನುವುದು. ಗುದ್ದಲಿಯಿಂದ ನಾಲ್ಕು ಕಡೆ ಅಗೆದು ನೋಡುವಷ್ಟು ತಾಳ್ಮೆ ಇದ್ದರೆ, ನಿಮ್ಮ ಹೊಲಕ್ಕೆ ಹರಳು ಬೇಕೋ ಬೇಡವೋ ಎಂಬುದು ಅಂಗಡಿಗೆ ಹೋಗುವ ಮುಂಚೆಯೇ ಗೊತ್ತಾಗುತ್ತದೆ. ಗೊಣ್ಣೆಹುಳುವಿನ ಕಾಟ ಇರುವ ಕಡೆಯೂ, ಆ ಮೊದಲ ಮಳೆಯ ಸಂಜೆಗಳಲ್ಲಿ ಊರಿನವರು ಸೇರಿ ಬೇವಿನ ಕೊಂಬೆ ಅಲುಗಿಸಿ, ಉದುರಿದ ಜೀರುಂಡೆಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಆಗುವ ಉಪಕಾರ ವಿಷದಿಂದ ಆಗದು. ತಾಯಿಯೇ ಮೊಟ್ಟೆ ಇಡದ ಮೇಲೆ ಮರಿ ಎಲ್ಲಿಂದ ಬರಬೇಕು?

ಹೊಲದಲ್ಲಿ ಎರಚಿದ ವಿಷ ಯಾರನ್ನು ಹೆಚ್ಚು ಕಾಲ ಕೊಲ್ಲುತ್ತದೆ ಎನ್ನುವುದು ಈ ಚರ್ಚೆಯ ತಿರುಳು, ಅಂಗಡಿಯಲ್ಲಿ ಯಾರೂ ಹೇಳದ ಮಾತೂ ಅದೇ. ಮುಸುಕಿನ ಜೋಳದ ಲದ್ದಿಹುಳುವನ್ನೇ ತೆಗೆದುಕೊಳ್ಳಿ. ಅಮೆರಿಕ ಖಂಡದ ಈ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ರಾಜ್ಯದಲ್ಲೇ, 2018ರ ಮೇ ತಿಂಗಳಲ್ಲಿ. ಶಿವಮೊಗ್ಗದ ಕೃಷಿ ವಿಜ್ಞಾನಿಗಳು ಗುರುತು ಹಿಡಿದರು. ಇದರ ಹೆಣ್ಣು ಪತಂಗ ಸಾವಿರಕ್ಕೂ ಮಿಕ್ಕಿ ಮೊಟ್ಟೆ ಇಡುತ್ತದೆ. ಬೇಸಗೆಯಲ್ಲಿ ಒಂದು ತಲೆಮಾರು ಮುಗಿಯಲು ಒಂದು ತಿಂಗಳು ಸಾಕು. ಗಾಳಿ ಸಿಕ್ಕರೆ ಒಂದೇ ರಾತ್ರಿ ನೂರು ಕಿಲೋಮೀಟರ್ ಹಾರಬಲ್ಲದು. ಈಗ ಆರು ಚುಕ್ಕೆಯ ಜೀರುಂಡೆಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಅದಕ್ಕೆ ಹಾರಲೇ ಬಾರದು. ನೆಲಜೀರುಂಡೆಗಳಲ್ಲಿ ಅನೇಕ ಜಾತಿಗಳಿಗೆ ವರ್ಷಕ್ಕೆ ಒಂದೇ ತಲೆಮಾರು. ನೀವು ಹೊಡೆದ ಔಷಧಿಗೆ ಎರಡೂ ಸತ್ತವು ಎಂದುಕೊಳ್ಳೋಣ. ಲದ್ದಿಹುಳುವಿನ ಪತಂಗ ಹುಣಸೂರಿನ ಕಡೆಯಿಂದಲೋ ಪಿರಿಯಾಪಟ್ಟಣದ ಕಡೆಯಿಂದಲೋ ನಾಳೆ ರಾತ್ರಿಯೇ ಹಾರಿ ಬಂದು ಮೊಟ್ಟೆ ಇಡುತ್ತದೆ. ಜೀರುಂಡೆ ನಿಮ್ಮ ಹೊಲಕ್ಕೆ ಮರಳಬೇಕಾದರೆ ಪಕ್ಕದ ಬದುವಿನಿಂದ ನಡೆದುಕೊಂಡು ಬರಬೇಕು, ಆ ಬದುವೂ ಸುಟ್ಟಿದ್ದರೆ ಅದರಾಚೆಯ ಬದುವಿನಿಂದ. ಬರುವಷ್ಟರಲ್ಲಿ ಎರಡನೆಯ ಸಿಂಪಡಣೆ ಆಗಿರುತ್ತದೆ.

ಬೆಳೆದ ಲದ್ದಿಹುಳು ಕೋಶಕ್ಕೆ ಹೋಗಲು ಸುಳಿಯಿಂದ ನೆಲಕ್ಕಿಳಿದು, ಎರಡರಿಂದ ಎಂಟು ಸೆಂಟಿಮೀಟರ್ ಆಳದ ಮಣ್ಣಿನಲ್ಲಿ ಸೇರಿಕೊಳ್ಳುತ್ತದೆ. ಸುಳಿಯೊಳಗೆ ಹಿಕ್ಕೆಯ ಮುಚ್ಚಳದಡಿ ಕೂತಾಗ ಅದಕ್ಕೆ ಔಷಧಿ ಸರಿಯಾಗಿ ತಾಗುವುದಿಲ್ಲ ಎಂದು ಎಲ್ಲ ರೈತರಿಗೂ ಗೊತ್ತು. ನೆಲಕ್ಕಿಳಿದಾಗಲಾದರೂ ಅದು ನೆಲದ ಬೇಟೆಗಾರರ ಬಾಯಿಗೆ ಸಿಗಬೇಕಿತ್ತು. ಆ ಹೊತ್ತಿಗೆ ಕಾಯುವವರೇ ಇಲ್ಲದಂತೆ ಮಾಡಿದ್ದು ಬಿತ್ತನೆಯಲ್ಲಿ ಎರಚಿದ ಹರಳು.

ಹರಳು ಎಂದರೆ ಏನು ಎಂಬುದನ್ನೂ ಹೇಳಬೇಕು. ದಶಕಗಳ ಕಾಲ ನಮ್ಮ ಹಳ್ಳಿಗಳಲ್ಲಿ ಕೈಯಲ್ಲೇ ಬೆರೆಸಿ ಎರಚಿದ ಫೋರೇಟ್, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅತಿ ಘೋರ ವಿಷಗಳ ಮೊದಲ ಸಾಲಿನದು. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದಂತೆ 2020ರ ಡಿಸೆಂಬರ್ 31ರ ನಂತರ ಅದರ ಬಳಕೆ ನಿಷಿದ್ಧ. ಬದುವಿಗೆ ಹೊಡೆಯುವ ಗ್ಲೈಫೋಸೇಟಿಗೂ ಕಡಿವಾಣ ಬಿದ್ದಿದೆ: ಕೀಟ ನಿಯಂತ್ರಣದ ಪರವಾನಗಿ ಉಳ್ಳವರಲ್ಲದೆ ಬೇರೆಯವರು ಬಳಸಬಾರದೆಂದು 2022ರ ಅಕ್ಟೋಬರ್‌ನಲ್ಲಿ ಆದೇಶವಾಗಿದೆ. ಒಂದು ವಿಷ ನಿಂತರೆ ಇನ್ನೊಂದು ಹೆಸರಿನ ಹರಳು ಆ ಕಪಾಟಿಗೆ ಬರುತ್ತದೆ, ಏಕೆಂದರೆ ನಾವು ನಿಲ್ಲಿಸಿದ್ದು ಒಂದು ರಾಸಾಯನಿಕವನ್ನು ಮಾತ್ರ. ನೆಲ ಸತ್ತಿರಬೇಕು ಎಂಬ ನಂಬಿಕೆಯ ಮೇಲೆ ಯಾರೂ ಕೈಯಿಟ್ಟಿಲ್ಲ.

"ಇದೆಲ್ಲ ಪುಸ್ತಕದ ಮಾತು, ಔಷಧಿ ಬಿಟ್ಟರೆ ಬೆಳೆ ಕೈಗೆ ಸಿಗುವುದಿಲ್ಲ" ಎನ್ನುವವರಿಗೆ ಒಂದು ಇಡೀ ದೇಶವೇ ಉತ್ತರ ಕೊಟ್ಟಿದೆ. ಭತ್ತದ ಗದ್ದೆಯನ್ನು ಸುಟ್ಟಂತೆ ಒಣಗಿಸುವ ಕಂದು ಜಿಗಿಹುಳು ಮಂಡ್ಯ, ಮೈಸೂರಿನ ಭತ್ತದ ರೈತರಿಗೆ ಹೊಸದಲ್ಲ. 1970ರ ದಶಕದಲ್ಲಿ ಅದು ಆಗ್ನೇಯ ಏಷ್ಯಾವನ್ನು ಬಡಿದಾಗ ಸರ್ಕಾರಗಳು ವಿಮಾನದಿಂದಲೂ ಔಷಧಿ ಸುರಿದವು. ಸುರಿದಷ್ಟೂ ಜಿಗಿಹುಳು ಹೆಚ್ಚಿತು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಪೀಟರ್ ಕೆನ್ಮೋರ್ ಮತ್ತು ಸಂಗಡಿಗರು ಕಾರಣ ಹುಡುಕಿದರು: ಔಷಧಿ ಜೇಡಗಳನ್ನೂ, ಜೀರುಂಡೆಗಳನ್ನೂ, ನೀರಿನ ಮೇಲೆ ಓಡುವ ತಿಗಣೆಗಳನ್ನೂ ಕೊಂದಿತ್ತು, ಕಾಂಡದೊಳಗೆ ಇಟ್ಟ ಜಿಗಿಹುಳುವಿನ ಮೊಟ್ಟೆ ಮಾತ್ರ ಉಳಿದಿತ್ತು. ಮೊಟ್ಟೆಯೊಡೆದ ಮರಿಗಳನ್ನು ತಿನ್ನಲು ಗದ್ದೆಯಲ್ಲಿ ಯಾರೂ ಇರಲಿಲ್ಲ. 1986ರಲ್ಲಿ ಇಂಡೋನೇಷ್ಯಾದ ಅಧ್ಯಕ್ಷರು ಒಂದೇ ಆದೇಶದಲ್ಲಿ 57 ಕೀಟನಾಶಕಗಳನ್ನು ಭತ್ತದಿಂದ ಹೊರಗಿಟ್ಟರು. ಮುಂದಿನ ವರ್ಷಗಳಲ್ಲಿ ಔಷಧಿಯ ಬಳಕೆ ಇಳಿಯಿತು, ಭತ್ತದ ಇಳುವರಿ ಇಳಿಯಲಿಲ್ಲ. ಕೋಟ್ಯಂತರ ಜನ ಅನ್ನ ಉಣ್ಣುವ ದೇಶದಲ್ಲಿ ನಡೆದ ಸಂಗತಿ ಇದು.

ಆ ಗದ್ದೆಗಳ ಬೇಟೆಗಾರರಲ್ಲಿ ಒಫಿಯೋನಿಯ ಎಂಬ ನೆಲಜೀರುಂಡೆಯೂ ಒಂದು. ನಮ್ಮ ಗದ್ದೆಗಳಲ್ಲೂ ಇದರ ಬಳಗವಿದೆ. ಇರುವೆಯೆಂದು ಭ್ರಮೆ ಹುಟ್ಟಿಸುವಷ್ಟು ಸಪೂರ, ಕೆಂಗಂದು ಮೈ, ನಡುವೆ ಕಪ್ಪು ಪಟ್ಟಿ. ಎಲೆ ಸುತ್ತುವ ಹುಳು ಭತ್ತದ ಗರಿಯನ್ನು ನೂಲಿನಿಂದ ಹೊಲಿದು ಒಳಗೆ ಕೂತಿರುತ್ತದಲ್ಲ, ಆ ಸುರುಳಿಯ ಒಳಕ್ಕೇ ಇದು ನುಗ್ಗುತ್ತದೆ. ಭತ್ತ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ ಮೂರರಿಂದ ಐದು ಮರಿಗಳನ್ನು ತಿನ್ನುತ್ತದೆ. ಜಿಗಿಹುಳುವೂ ಇದರ ಊಟ. ಇದರ ಮರಿ ಕೋಶಕ್ಕೆ ಹೋಗುವುದು ನೀರು ನಿಲ್ಲದ ಮಣ್ಣಿನಲ್ಲಿ, ಅಂದರೆ ಗದ್ದೆಯ ಬದುವಿನಲ್ಲಿ. ಬದು ಕೆತ್ತಿ, ಕೆಸರು ಮೆತ್ತಿ, ಮೇಲೆ ಔಷಧಿ ಹೊಡೆದವನು ಗದ್ದೆಯೊಳಗಿನ ಎಲೆಸುತ್ತುವ ಹುಳುವಿಗೆ ತಾನೇ ದಾರಿ ಬಿಟ್ಟುಕೊಟ್ಟ ಹಾಗೆ.

ತೆಂಗಿನ ತೋಟದವರಿಗೆ ಬದುವಿನ ಬದಲು ತಿಪ್ಪೆಯ ಸಂಗತಿ ಹೇಳಬೇಕು. ಸುಳಿ ಕೊರೆದು ಗರಿಗಳನ್ನು ಕತ್ತರಿ ಹಾಕಿದಂತೆ ಮಾಡುವ ಕೊಂಬಿನ ದುಂಬಿ ಮೊಟ್ಟೆ ಇಡುವುದು ತಿಪ್ಪೆಗುಂಡಿಯಲ್ಲಿ, ಕೊಳೆತ ತೆಂಗಿನ ಬುಡದಲ್ಲಿ. ಅದಕ್ಕೆಂದು ತಿಪ್ಪೆಗೆ ವಿಷ ಸುರಿಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. 1916ರಲ್ಲಿ ತೆಂಗು ಸಂಶೋಧನೆಗೆಂದು ಶುರುವಾದ ಕಾಸರಗೋಡಿನ ಕೇಂದ್ರ ಇಂದು ಕೇಂದ್ರೀಯ ತೋಟಪಟ್ಟಿ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿದೆ. ಕನ್ನಡ ಮಾತಾಡುವ ನೆಲದಲ್ಲೇ ಕೂತು ಈ ದುಂಬಿಯ ಮೇಲೆ ದೀರ್ಘ ಕಾಲ ಕೆಲಸ ಮಾಡಿದೆ. ಈ ದುಂಬಿಯ ಮೊಟ್ಟೆ ಮತ್ತು ಎಳೆಮರಿಗಳನ್ನು ತಿಪ್ಪೆಯೊಳಗೇ ತಿನ್ನುವ ಜೀವಿಗಳ ಪಟ್ಟಿಯನ್ನು ತೆಂಗಿನ ಕೀಟತಜ್ಞರು ಮಾಡಿಟ್ಟಿದ್ದಾರೆ. ಅದರಲ್ಲಿ ಸ್ಕೇರೈಟಿಸ್, ಹಾರ್ಪಾಲಸ್, ಫೆರೋಪ್ಸೋಫಸ್ ಎಂಬ ನೆಲಜೀರುಂಡೆಗಳೇ ಮೂರು ಬಳಗ. ಈ ಕೊನೆಯದನ್ನು ಹಳ್ಳಿಯ ಹುಡುಗರು ಬಲ್ಲರು: ಮುಟ್ಟಿದರೆ "ಟಸ್" ಎಂದು ಸದ್ದು ಮಾಡಿ ಬಿಸಿ ಹೊಗೆ ಬಿಟ್ಟು ಬೆರಳಿಗೆ ಕಂದು ಕಲೆ ಹಚ್ಚುವ, ಹಳದಿ ಪಟ್ಟೆಯ ಜೀರುಂಡೆ. ಹೊಟ್ಟೆಯೊಳಗೆ ಎರಡು ದ್ರವಗಳನ್ನು ಬೆರೆಸಿ ಅದು ಚಿಮ್ಮಿಸುವ ದ್ರವದ ಬಿಸಿ ಕುದಿನೀರಿನ ಬಿಸಿಗೆ ಸಮೀಪ. ಅಂಥ ಜೀವ ತಿಪ್ಪೆಯಲ್ಲಿದ್ದು ಮೊಟ್ಟೆ ತಿನ್ನುತ್ತಿರುವಾಗ, ಅದರ ತಲೆಯ ಮೇಲೆಯೇ ವಿಷ ಸುರಿಯುವುದು ಯಾವ ಬುದ್ಧಿವಂತಿಕೆ?

ತಪ್ಪು ರೈತನದು ಮಾತ್ರ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಕಲಿಸಿದವರದು ಹೆಚ್ಚು. ಜೈವಿಕ ಕೀಟ ನಿಯಂತ್ರಣದಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರಿದೆ. 1957ರಲ್ಲೇ ಬೆಂಗಳೂರಿನಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಕೇಂದ್ರ ಬಾಗಿಲು ತೆರೆಯಿತು. ಅದೇ ಪರಂಪರೆಯಲ್ಲಿ ಇಂದು ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ಪಪಾಯ, ಹಿಪ್ಪುನೇರಳೆಗೆ ಬಿಳಿ ಹಿಟ್ಟುತಿಗಣೆ ಮುತ್ತಿಕೊಂಡು ರೇಷ್ಮೆ ಸಾಕುವವರು ಕಂಗಾಲಾದಾಗ, 2010ರಲ್ಲಿ ಪೋರ್ಟೊರಿಕೊದಿಂದ ಪುಟ್ಟ ಕಣಜಗಳನ್ನು ತರಿಸಿ ಬಿಟ್ಟು ಆ ಪಿಡುಗನ್ನು ಬಗ್ಗುಬಡಿದವರು ಇಲ್ಲಿನ ವಿಜ್ಞಾನಿಗಳೇ. ಆ ಗೆಲುವಿನ ಮೇಲೆ ನನಗೆ ಗೌರವವಿದೆ. ಆದರೆ ಇಂಥ ಗೆಲುವುಗಳಿಂದ ನಮ್ಮ ವಿಸ್ತರಣಾ ವ್ಯವಸ್ಥೆ ಕಲಿತದ್ದು ಅರ್ಧ ಪಾಠ: ಮಿತ್ರಕೀಟವೆಂದರೆ ಪ್ರಯೋಗಾಲಯದಿಂದ ಬರಬೇಕಾದದ್ದು, ಕಾರ್ಡಿಗೆ ಅಂಟಿಸಿ, ಪೊಟ್ಟಣ ಕಟ್ಟಿ ಹಂಚಬೇಕಾದದ್ದು ಎಂದು. ಹೊಲದಲ್ಲಿ ಆಗಲೇ ಇರುವ ಮಿತ್ರಕೀಟವನ್ನು ಉಳಿಸಿಕೊಳ್ಳುವುದಕ್ಕೆ ಪೊಟ್ಟಣ ಬೇಡ, ಟೆಂಡರ್ ಬೇಡ, ಸಹಾಯಧನ ಬೇಡ. ಮಾರಲು ಏನೂ ಇಲ್ಲದಿರುವುದರಿಂದಲೇ ನೆಲಜೀರುಂಡೆಯ ಪರವಾಗಿ ಯಾರೂ ಬ್ಯಾನರ್ ಕಟ್ಟುವುದಿಲ್ಲ. ಕೀಟ ಹತೋಟಿಯ ಕರಪತ್ರ ತೆರೆದರೆ ಲೀಟರಿಗೆ ಎಷ್ಟು ಮಿಲಿ ಎನ್ನುವುದೇ ಪುಟ ತುಂಬಿರುತ್ತದೆ. "ಮಿತ್ರಕೀಟಗಳನ್ನು ಸಂರಕ್ಷಿಸಿ" ಎಂಬುದು ಕೊನೆಯ ಒಂದು ಸಾಲು. ಹೇಗೆ ಸಂರಕ್ಷಿಸಬೇಕು, ಯಾವುದನ್ನು, ಎಲ್ಲಿ ಎಂಬುದಕ್ಕೆ ಜಾಗವೇ ಇಲ್ಲ.

ಬ್ರಿಟನ್ನಿನಲ್ಲಿ ಏನಾಯಿತು ನೋಡಿ. ಯಂತ್ರಗಳಿಗಾಗಿ ಅವರು ಬೇಲಿ, ಬದುಗಳನ್ನೆಲ್ಲ ಕಿತ್ತು ದೊಡ್ಡ ದೊಡ್ಡ ಗೋಧಿ ಹೊಲ ಮಾಡಿಕೊಂಡರು. ಅಂಚಿನಲ್ಲಿ ಚಳಿಗಾಲ ಕಳೆಯುವ ಜೀರುಂಡೆಗಳು ಹೊಲದ ನಡುವಿಗೆ ತಲುಪುವಷ್ಟರಲ್ಲಿ ಸಸ್ಯಹೇನು ಬೆಳೆಯನ್ನು ಆವರಿಸುತ್ತಿತ್ತು. 1980ರ ದಶಕದ ಕೊನೆಗೆ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಹೊಲದ ನಡುವೆ ಮಣ್ಣು ಏರಿಸಿ, ಸುಮಾರು ಎರಡು ಮೀಟರ್ ಅಗಲದ ದಿಬ್ಬ ಮಾಡಿ, ಬುಡ ದಟ್ಟವಾಗಿ ಬೆಳೆಯುವ ಹುಲ್ಲು ಬಿತ್ತಿದರು. ಎರಡನೆಯ ಚಳಿಗಾಲಕ್ಕೆ ಆ ಹುಲ್ಲಿನ ಬುಡದಲ್ಲಿ ಚದರ ಮೀಟರಿಗೆ ಸಾವಿರಕ್ಕೂ ಹೆಚ್ಚು ಬೇಟೆಗಾರ ಜೀವಿಗಳು ಸೇರಿಕೊಂಡಿದ್ದವು. ಈಗ ಅಲ್ಲಿ ಇಂಥ ದಿಬ್ಬ ಮಾಡುವ ರೈತನಿಗೆ ಸರ್ಕಾರ ಹಣ ಕೊಡುತ್ತದೆ. ಅವರು ಕಳೆದುಕೊಂಡು, ಸಂಶೋಧನೆ ಮಾಡಿ, ದುಡ್ಡು ಕೊಟ್ಟು ಮತ್ತೆ ಕಟ್ಟಿಸಿದ್ದು ಏನನ್ನು? ಇಲವಾಲದ ಒಂದೆಕರೆ, ಎರಡೆಕರೆಯ ತುಂಡು ಹೊಲಗಳ ಸುತ್ತ ನಮ್ಮ ಹಿರಿಯರು ಹಾಕಿಟ್ಟ ಬದುವನ್ನೇ. ನಮ್ಮ ಹಿಡುವಳಿ ಚಿಕ್ಕದು ಎಂದು ಯಾವಾಗಲೂ ಕೊರಗುತ್ತೇವೆ. ಈ ಒಂದು ಕೆಲಸಕ್ಕೆ ಚಿಕ್ಕ ಹಿಡುವಳಿಯೇ ವರ: ಯಾವ ಬದುವಿನಿಂದ ಹೊರಟರೂ ಜೀರುಂಡೆ ಒಂದು ರಾತ್ರಿಯಲ್ಲೇ ಹೊಲದ ನಡುವಿಗೆ ತಲುಪೀತು.

ರಾಗಿಯ ನಡುವಿನ ಅಕ್ಕಡಿ ಸಾಲನ್ನೂ ಹೀಗೇ ಕಳೆದುಕೊಂಡೆವು. ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಹಾಕಿದ ಆ ಸಾಲುಗಳು ರಾಗಿ ಕೊಯ್ದ ಮೇಲೂ ನಿಂತಿದ್ದು ನೆಲಕ್ಕೆ ನೆರಳು, ತರಗೆಲೆ ಕೊಡುತ್ತಿದ್ದವು. ಇಡೀ ಹೊಲ ಒಂದೇ ದಿನ ಬರಿದಾಗುತ್ತಿರಲಿಲ್ಲ. ಈಗ ಮುಸುಕಿನ ಜೋಳ, ಶುಂಠಿ, ಟೊಮೆಟೊ ಎಂದು ಒಂದೊಂದೇ ಬೆಳೆ. ಅದು ಎದ್ದ ದಿನ ಹೊಲವೆಲ್ಲ ಬಟಾಬಯಲು. ಬದುವಿನ ಜೊತೆ ಹೋದದ್ದು ಜೀರುಂಡೆ ಮಾತ್ರವಲ್ಲ. ಅಣ್ಣೆಸೊಪ್ಪು, ಹೊನಗೊನ್ನೆ, ಕಿರಕಸಾಲೆ ಕಿತ್ತು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದ ಹೆಂಗಸರು ಇಂದು ಬದುವಿನ ಸೊಪ್ಪಿಗೆ ಕೈ ಹಾಕಲು ಅಂಜುತ್ತಾರೆ. ಹೋಬಳಿಯ ಒಬ್ಬ ಅಜ್ಜಿ ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ: "ಔಸ್ದಿ ಒಡ್ದವ್ರೆ ಕನಪ್ಪ, ದನೀಗೂ ಕುಯ್ಯಾಕಿಲ್ಲ, ನಮ್ಗೂ ಕುಯ್ಯಾಕಿಲ್ಲ." ದನಕ್ಕೆ ಮೇವಾಗದ, ಮನುಷ್ಯನಿಗೆ ಸೊಪ್ಪಾಗದ ಬದುವನ್ನು ಚೊಕ್ಕ ಎಂದು ಕರೆಯಲು ನಮಗೆ ಹೇಗೆ ಬಾಯಿ ಬರುತ್ತದೆ?

ಆಕ್ಷೇಪಗಳಿಗೆ ಬರುತ್ತೇನೆ. ಬದುವಿನ ಹುಲ್ಲಿನಲ್ಲಿ ಹಾವು, ಇಲಿ ಸೇರುತ್ತವೆ ಎನ್ನುತ್ತಾರೆ. ಸೊಂಟದೆತ್ತರದ ಪೊದೆ ಬೆಳೆಸಿ ಎಂದು ನಾನು ಹೇಳುತ್ತಿಲ್ಲ. ಗರಿಕೆ, ಲಾವಂಚದಂಥ ಬುಡಕಟ್ಟುವ ಹುಲ್ಲು ಗೇಣುದ್ದ ಇದ್ದರೆ ಜೀರುಂಡೆಗೆ ಸಾಕು. ಮೇಲಿನದನ್ನು ದನಕ್ಕೆ ಕೊಯ್ಯಿರಿ, ಬುಡ ಬಿಡಿ. ಭತ್ತದ ಗದ್ದೆಯ ತೆಳು ಬದುವಿನಲ್ಲಿ ಇಲಿ, ಏಡಿ ತೂತು ಕೊರೆಯುವುದು ನಿಜವಾದ ತೊಂದರೆ. ಅಲ್ಲಿ ನೀರು ತಡೆಯುವ ಬದುಗಳನ್ನು ಕೆತ್ತಿಕೊಂಡು, ಅಗಲವಾದ ದಿಣ್ಣೆ ಬದುಗಳನ್ನು ಬಿಡಬಹುದು. ಕಾಂಗ್ರೆಸ್ ಗಿಡ ಹಬ್ಬುತ್ತದೆ ಎನ್ನುತ್ತಾರೆ. ಹಬ್ಬುವುದು ಬೋಳು ನೆಲದಲ್ಲೇ. ಹುಲ್ಲಿನ ಹೊದಿಕೆ ಇರುವಲ್ಲಿ ಅದಕ್ಕೆ ಬೇರೂರುವುದು ಕಷ್ಟ. ಮೊಳೆತದ್ದನ್ನು ಹೂ ಬಿಡುವ ಮೊದಲು ಕಿತ್ತರೆ ಮುಗಿಯಿತು. ಜೀರುಂಡೆಯೊಂದರಿಂದಲೇ ಎಲ್ಲ ಹುಳು ಹೋಗುತ್ತದೆಯೇ ಎಂದು ಕೇಳುತ್ತಾರೆ. ಹೋಗುವುದಿಲ್ಲ. ರಸ ಹೀರುವ ನುಸಿಗೆ, ಹಣ್ಣಿನ ನೊಣಕ್ಕೆ ಇದು ಮದ್ದಲ್ಲ. ಪಿಡುಗು ಮಿತಿ ಮೀರಿದ ವರ್ಷ, ಆ ಬೆಳೆಗೆ, ಆ ಭಾಗಕ್ಕೆ ಮಾತ್ರ ಔಷಧಿ ಹೊಡೆಯುವುದನ್ನೂ ನಾನು ವಿರೋಧಿಸುವುದಿಲ್ಲ. ನಾನು ವಿರೋಧಿಸುವುದು ಹುಳು ಕಾಣುವ ಮೊದಲೇ, ಪಂಚಾಂಗ ನೋಡಿದಂತೆ, ನೆಲಕ್ಕೆಲ್ಲ ವಿಷ ಎರಚುವ ರೂಢಿಯನ್ನು.

ಇನ್ನು ಇಲವಾಲ ಬರೀ ಹೊಲದ ಊರಾಗಿ ಉಳಿದಿಲ್ಲ. ಹುಣಸೂರು ರಸ್ತೆಗುಂಟ ಮೈಸೂರು ನಗರ ಇಲ್ಲಿಯವರೆಗೆ ಬಂದು ಮುಟ್ಟಿದೆ. ಬಡಾವಣೆ ಮಾಡುವಾಗ ಜೆಸಿಬಿ ಮೊದಲು ಅಳಿಸುವುದು ಬದುಗಳನ್ನೇ. ಆಮೇಲೆ ಬಂದ ಮನೆಗಳಲ್ಲೂ ಅದೇ ಚೊಕ್ಕತನದ ಗೀಳು: ಅಂಗಳಕ್ಕೆಲ್ಲ ಕಾಂಕ್ರೀಟು, ಪಕ್ಕದ ಖಾಲಿ ಸೈಟಿಗೆ ಕಳೆನಾಶಕ, ರಾತ್ರಿಯಿಡೀ ಕಣ್ಣು ಕುಕ್ಕುವ ದೀಪ. ಕತ್ತಲೆಯಲ್ಲಿ ಬೇಟೆಯಾಡುವ ಜೀವ ಆ ಬೆಳಕಿನ ಕೆಳಗೆ ಬಂದು, ಬೆಳಗಾಗುವಷ್ಟರಲ್ಲಿ ಗಾಡಿ ಚಕ್ರಕ್ಕೋ ಪೊರಕೆಗೋ ಸಿಕ್ಕಿ ಸಾಯುತ್ತದೆ. ಮಳೆಗಾಲ ಬಂದರೆ ಕೈತೋಟದ ತುಂಬ ಬಸವನಹುಳು ಎಂದು ಅದೇ ಮನೆಯವರು ಉಪ್ಪಿನ ಪೊಟ್ಟಣ ಹಿಡಿದು ಓಡಾಡುತ್ತಾರೆ.

1957ರ ಸೆಪ್ಟೆಂಬರ್ 21 ಮತ್ತು 22ರಂದು ವಿನೋಬಾ ಭಾವೆಯವರ ಸಮ್ಮುಖದಲ್ಲಿ ಸರ್ವಪಕ್ಷಗಳ ಗ್ರಾಮದಾನ ಸಮ್ಮೇಳನ ನಡೆದದ್ದು ಇದೇ ಇಲವಾಲದಲ್ಲಿ. ಪ್ರಧಾನಿ ನೆಹರೂ ಬಂದು ಕೂತಿದ್ದರು. ನೆಲದ ಮೇಲೆ ಯಾರ ಹಕ್ಕು ಎಷ್ಟು ಎಂಬ ಪ್ರಶ್ನೆಯನ್ನು ದೇಶ ಅಂದು ಇಲ್ಲಿ ಕೂತು ಚರ್ಚಿಸಿತು. ಆ ಊರಿನಲ್ಲಿ, ಇಬ್ಬರು ರೈತರ ನಡುವೆ ಎರಡು ಅಡಿ ಅಗಲದ ನೆಲವನ್ನು ಬೇರೆ ಜೀವಗಳಿಗೆ ಬಿಡಿ ಎಂದು ಕೇಳುವುದು ಅತಿಯಾಯಿತು ಎಂದು ನನಗೆ ಅನ್ನಿಸುವುದಿಲ್ಲ.

ನನ್ನ ಮಾತು ನಂಬಬೇಡಿ, ನಿಮ್ಮ ಹೊಲದಲ್ಲೇ ನೋಡಿಕೊಳ್ಳಿ. ಮೊಸರಿನ ಖಾಲಿ ಡಬ್ಬಿ ಒಂದನ್ನು ಬದುವಿನಲ್ಲಿ ಹೂಳಿ. ಅದರ ಬಾಯಿ ಮಣ್ಣಿನ ಮಟ್ಟಕ್ಕೆ ಸರಿಯಾಗಿರಲಿ. ಮಳೆ ನೀರು ಬೀಳದಂತೆ ಮೂರು ಕಲ್ಲಿನ ಮೇಲೆ ಒಂದು ಒಡೆದ ಹೆಂಚು ಮುಚ್ಚಿ. ಹಾಗೆಯೇ ಹೊಲದ ನಡುವೆ ಒಂದು, ಔಷಧಿ ಹೊಡೆದ ಪಕ್ಕದ ಬದುವಿನಲ್ಲಿ ಒಂದು. ಬೆಳಗ್ಗೆ ಹೋಗಿ ಎಣಿಸಿ, ಎಣಿಸಿದ ಮೇಲೆ ಬಿಟ್ಟುಬಿಡಿ. ಕೀಟಶಾಸ್ತ್ರದ ಪ್ರಯೋಗಗಳಲ್ಲಿ ಬಳಸುವ ವಿಧಾನವೂ ಇದೇ, ಖರ್ಚು ಇಷ್ಟೇ. ಇದೇ ಹೋಬಳಿಯ ಯಲಚಹಳ್ಳಿಯಲ್ಲಿ ತೋಟಗಾರಿಕೆ ಮಹಾವಿದ್ಯಾಲಯವಿದೆ. ನಾಗನಹಳ್ಳಿಯಲ್ಲಿ ಸಾವಯವ ಕೃಷಿ ಸಂಶೋಧನಾ ಕೇಂದ್ರವಿದೆ. ಮಂಡ್ಯದ ವಿ.ಸಿ. ಫಾರಂ ದೂರವೇನಲ್ಲ. ಕೃಷಿ ಮೇಳಗಳಲ್ಲಿ ಡ್ರೋನಿನಿಂದ ಔಷಧಿ ಹೊಡೆದು ತೋರಿಸುವುದಕ್ಕೆ ಸಿಗುವ ಮೈದಾನದಲ್ಲಿ ಒಂದು ಹುಲ್ಲಿನ ಬದು, ಒಂದು ಸುಟ್ಟ ಬದು, ಎರಡರಲ್ಲೂ ಹೂತಿಟ್ಟ ಡಬ್ಬಿಗಳನ್ನು ರೈತರಿಗೆ ತೆರೆದು ತೋರಿಸಲಿ.

ಗ್ರಾಮ ಪಂಚಾಯಿತಿಗಳು ಮಾಡಬೇಕಾದದ್ದು ಇನ್ನೂ ಸುಲಭ. ಉದ್ಯೋಗ ಖಾತರಿ ಯೋಜನೆಯಡಿ ಇಷ್ಟು ವರ್ಷ ಹೊಲಹೊಲಕ್ಕೂ ಕಂದಕ ಬದು ನಿರ್ಮಾಣವಾಗಿದೆ. ಜನರ ತೆರಿಗೆಯ ಹಣದಲ್ಲಿ, ಕೂಲಿಕಾರರ ಬೆವರಿನಲ್ಲಿ ಎದ್ದ ಬದುಗಳು ಅವು. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಎತ್ತರ ಬರೆದು ಬಿಲ್ಲು ಪಾಸಾದ ಮೇಲೆ ಆ ಮಣ್ಣು ಬೋಳಾಗಿ ನಿಂತು, ಎರಡು ಮಳೆಗೆ ಕರಗಿ ಹೋಗುತ್ತದೆ. ಅಂದಾಜು ಪಟ್ಟಿಯಲ್ಲಿ ಹುಲ್ಲು ನಾಟಿಗೆಂದು ಒಂದು ಬಾಬತ್ತು ಸೇರಿಸಿ, ನಾಟಿ ಆದ ಮೇಲೆಯೇ ಕೊನೆಯ ಕಂತು ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿ. ಬದುವಿಗೆ ಬೆಂಕಿ ಹಾಕಿದವರಿಗೆ ಮುಂದಿನ ವರ್ಷ ಆ ಕಾಮಗಾರಿ ಇಲ್ಲ ಎಂಬ ಸಾಲನ್ನೂ ಅದರ ಕೆಳಗೆ ಬರೆಯಿರಿ.